ಪಿಂಗ್ ಬರುತ್ತದೆ, ಬಿಎಫ್ ದೀಪ ಮಾತ್ರ ಆರುವುದಿಲ್ಲ. ಯಾಕೆ?

ಪ್ರಶ್ನೆ: ನಾನು ಬಿಸ್ಕತ್ತು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಲೈನಿನಲ್ಲಿ ಒಂದು ಪಿಎಲ್‌ಸಿ, ಅಂದರೆ ಮೆಷಿನ್ ನಡೆಸುವ ಕಂಟ್ರೋಲರ್ ಇದೆ. ಅದಕ್ಕೆ ಪ್ರೊಫಿನೆಟ್ ಕೇಬಲ್‌ನಲ್ಲಿ ಆರು ರಿಮೋಟ್ ಐಒ ಬಾಕ್ಸ್ (ಸೆನ್ಸರ್, ವಾಲ್ವ್‌ಗಳ ತಂತಿ ಸೇರುವವು), ಎರಡು ಡ್ರೈವ್ (ಮೋಟಾರ್ ವೇಗ ನಿಯಂತ್ರಿಸುವವು) ಸೇರಿವೆ. ಮೂರು ವಿಷಯ ಅರ್ಥವಾಗುತ್ತಿಲ್ಲ. ಒಂದು, ಈಚೆಗೆ ಒಂದು ರಿಮೋಟ್ ಐಒ ಸುಟ್ಟುಹೋಯಿತು. ಅದೇ ಮಾಡೆಲ್‌ನ ಹೊಸದು ಹಾಕಿ, ಹಳೆಯದರ ಐಪಿ ಅಡ್ರೆಸ್ಸನ್ನೇ ಕೊಟ್ಟೆವು. ಲ್ಯಾಪ್‌ಟಾಪ್‌ನಿಂದ ಪಿಂಗ್ ಸರಿಯಾಗಿ ಬರುತ್ತಿತ್ತು, ಆದರೂ ಬಿಎಫ್ ದೀಪ (ಬಸ್ ಫಾಲ್ಟ್, ಅಂದರೆ ಸಂಪರ್ಕ ಇಲ್ಲ ಎಂದು ತೋರಿಸುವ ದೀಪ) ಮಿನುಗುತ್ತಲೇ ಇತ್ತು. ಕೊನೆಗೆ ಮೆಷಿನ್ ಕೊಟ್ಟವರ ಕಡೆಯವರು ಬಂದು ಸರಿ ಮಾಡಿದರು. ಏನು ಮಾಡಿದರು ಎಂದು ಹೇಳಲಿಲ್ಲ. ಎರಡು, ಆಗಾಗ ಕೆಲವು ಬಾಕ್ಸ್‌ಗಳು ಒಂದೆರಡು ಸೆಕೆಂಡ್ ಬಿಎಫ್ ತೋರಿಸಿ ತಾವಾಗಿಯೇ ಸರಿಹೋಗುತ್ತವೆ. ಅಷ್ಟರಲ್ಲಿ ಲೈನ್ ನಿಂತಿರುತ್ತದೆ. ಆಗಲೂ ಪಿಂಗ್ ಒಂದೂ ತಪ್ಪಿರುವುದಿಲ್ಲ. ಮೂರು, ಅಪ್‌ಡೇಟ್ ಟೈಮ್, ಅಂದರೆ ಎಷ್ಟು ಹೊತ್ತಿಗೊಮ್ಮೆ ಡೇಟಾ ಹೋಗುತ್ತದೆ ಎಂಬುದು, 2 ಮಿಲಿಸೆಕೆಂಡ್ ಇದೆ. ಅದನ್ನು 1 ಮಾಡಿದರೆ ಕೆಟ್ಟ ಪ್ಯಾಕೆಟ್ ಹೊರದಬ್ಬುವ ರಿಜೆಕ್ಟ್ ಸಿಲಿಂಡರ್ ಸರಿಯಾದ ಪ್ಯಾಕೆಟ್ಟಿಗೇ ಹೊಡೆಯುತ್ತದೆಯೇ? ಅಷ್ಟೊಂದು ಸಿಗ್ನಲ್ ಒಂದೇ ಕೇಬಲ್‌ನಲ್ಲಿ ಹೇಗೆ ಹೋಗುತ್ತವೆ ಎಂಬುದನ್ನೂ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳ ಬುಡ ಒಂದೇ. ಪಿಂಗ್‌ಗೆ ಉತ್ತರ ಬಂದರೆ ಪಿಎಲ್‌ಸಿಗೂ ಆ ಬಾಕ್ಸ್‌ಗೂ ಮಾತುಕತೆ ನಡೆಯುತ್ತಿದೆ ಎಂದು ಅಂದುಕೊಂಡಿದ್ದೀರಿ. ಅನುಭವ ಇರುವವರೂ ಹೀಗೇ ಅಂದುಕೊಳ್ಳುತ್ತಾರೆ. ಇದರಿಂದ ಎಷ್ಟೋ ರಾತ್ರಿ ಶಿಫ್ಟ್‌ಗಳು ಸುಮ್ನೆ ಹಾಳಾಗುತ್ತವೆ. ಪಿಂಗ್ ಹೇಳುವುದು ಇಷ್ಟನ್ನೇ: ಈ ಐಪಿ ಇರುವ ಒಂದು ಸಾಧನ ಆನ್ ಆಗಿದೆ, ನಿಮ್ಮ ಲ್ಯಾಪ್‌ಟಾಪ್‌ನಿಂದ ಅಲ್ಲಿಗೆ ದಾರಿ ಇದೆ. ಪಿಎಲ್‌ಸಿ ತನ್ನ ಐಒ ಸಾಧನಗಳ ಜೊತೆ ಸಿಗ್ನಲ್ ಹಂಚಿಕೊಳ್ಳುವುದು ಆ ದಾರಿಯಲ್ಲಿ ಅಲ್ಲ. ಕೇಬಲ್ ಒಂದೇ, ನಡೆಯುವ ವ್ಯವಹಾರ ಬೇರೆ.

ಆ ವ್ಯವಹಾರ ಹೇಗೆ ಎಂದು ತಿಳಿಯಲು ಹಳೆಯ ಪದ್ಧತಿಯಿಂದ ಶುರು ಮಾಡೋಣ. 1979ರಲ್ಲಿ ಬಂದ ಮಾಡ್‌ಬಸ್‌ನಲ್ಲಿ ಎಲ್ಲವೂ ಪ್ರಶ್ನೋತ್ತರ. ಕಂಟ್ರೋಲರ್ ಒಬ್ಬೊಬ್ಬರನ್ನೇ ಕೇಳುತ್ತದೆ, ಕೇಳಿದವರು ಉತ್ತರಿಸುತ್ತಾರೆ, ಕೇಳದಿದ್ದರೆ ಬಾಯಿ ಬಿಡುವಂತಿಲ್ಲ. 1987ರಲ್ಲಿ ಜರ್ಮನಿಯಲ್ಲಿ ಶುರುವಾದ ಪ್ರೊಫಿಬಸ್‌ನಲ್ಲೂ ಮಾಸ್ಟರ್ ಒಂದೊಂದೇ ಸ್ಲೇವ್‌ನ ಸರದಿ ತೆಗೆದುಕೊಳ್ಳುತ್ತದೆ. ನೇರಳೆ ಬಣ್ಣದ ಎರಡು ತಂತಿಯ ಆ ಕೇಬಲ್ ಇನ್ನೂ ಎಷ್ಟೋ ಪ್ಯಾನೆಲ್‌ಗಳಲ್ಲಿದೆ. ಹಸಿರು ಕೇಬಲ್‌ನ ಪ್ರೊಫಿನೆಟ್ ಬೇರೆ ರೀತಿ ಯೋಚಿಸುತ್ತದೆ. ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಇಷ್ಟಿಷ್ಟು ಹೊತ್ತಿಗೆ ಇಷ್ಟು ಡೇಟಾ ಕಳಿಸುತ್ತೇನೆ ಎಂದು ಶುರುವಿನಲ್ಲೇ ಇಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಆಮೇಲೆ ಕಂಟ್ರೋಲರ್ ತನ್ನ ಔಟ್‌ಪುಟ್‌ಗಳನ್ನು ಕಳಿಸುತ್ತಲೇ ಇರುತ್ತದೆ, ಸಾಧನ ತನ್ನ ಇನ್‌ಪುಟ್‌ಗಳನ್ನು ಕಳಿಸುತ್ತಲೇ ಇರುತ್ತದೆ. ಮನೆಗೆ ಹಾಲು ಹಾಕುವವರನ್ನು ನಾವು ದಿನಾ ಕರೆಯುವುದಿಲ್ಲ ಅಲ್ವಾ? ಬೆಳಗ್ಗೆ ಪ್ಯಾಕೆಟ್ ಬಾಗಿಲಲ್ಲಿ ಇರುತ್ತದೆ. ಮೂರು ದಿನ ಇಲ್ಲದಿದ್ದರೆ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಪ್ರೊಫಿನೆಟ್ ತಪ್ಪು ಹಿಡಿಯುವುದೂ ಹೀಗೆಯೇ, ಅದು ನಿಮ್ಮ ಎರಡನೇ ಪ್ರಶ್ನೆಯಲ್ಲಿ ಬರುತ್ತದೆ.

ಮೊದಲು ಆ ಒಪ್ಪಂದ ಹೇಗೆ ಆಗುತ್ತದೆ ಎಂದು ನೋಡೋಣ. ನಿಮ್ಮ ಹೊಸ ಬಾಕ್ಸ್ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಪಿಎಲ್‌ಸಿ ಆನ್ ಆದ ಕೂಡಲೇ ಪ್ರಾಜೆಕ್ಟ್‌ನಲ್ಲಿ ಬರೆದಿರುವ ಪ್ರತಿ ಸಾಧನವನ್ನೂ ಹುಡುಕುತ್ತದೆ. ಹುಡುಕುವುದು ಐಪಿಯಿಂದ ಅಲ್ಲ, ಹೆಸರಿನಿಂದ. ಪ್ರತಿ ಐಒ ಸಾಧನಕ್ಕೂ ಒಂದು ಡಿವೈಸ್ ನೇಮ್ ಇರಬೇಕು. ಉದಾಹರಣೆಗೆ ‘ಪ್ಯಾಕ್-ಐಒ-3’ ಎಂದು ಇಟ್ಟುಕೊಳ್ಳಿ. ಡಿಸಿಪಿ ಎಂಬ ಪ್ರೋಟೋಕಾಲ್ ಬಳಸಿ ಪಿಎಲ್‌ಸಿ ಇಡೀ ನೆಟ್‌ವರ್ಕ್‌ಗೆ ಒಂದು ಕೂಗು ಹಾಕುತ್ತದೆ: ಪ್ಯಾಕ್-ಐಒ-3 ಯಾರು? ಆ ಹೆಸರಿನ ಸಾಧನ ಮಾತ್ರ ತನ್ನ ಮ್ಯಾಕ್ ಅಡ್ರೆಸ್ (ತಯಾರಿಸುವಾಗಲೇ ಕೊಟ್ಟ ಹಾರ್ಡ್‌ವೇರ್ ವಿಳಾಸ) ಜೊತೆ ಉತ್ತರ ಕೊಡುತ್ತದೆ. ಆಮೇಲೆ ಪಿಎಲ್‌ಸಿ, ತಾನು ಕೊಡಬೇಕೆಂದಿರುವ ಐಪಿಯನ್ನು ಬೇರೆ ಯಾರಾದರೂ ಇಟ್ಟುಕೊಂಡಿದ್ದಾರೆಯೇ ಎಂದು ವಿಚಾರಿಸುತ್ತದೆ. ಯಾರೂ ಇಲ್ಲದಿದ್ದರೆ ಆ ಐಪಿಯನ್ನು ಸಾಧನಕ್ಕೆ ತಾನೇ ಕೊಡುತ್ತದೆ.

ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಸಾಧನಕ್ಕೆ ಹೆಸರೇ ಇರುವುದಿಲ್ಲ, ಐಪಿ 0.0.0.0 ಇರುತ್ತದೆ. ನೀವು ಐಪಿ ಕೊಟ್ಟಿರಿ, ಹೆಸರು ಕೊಡಲಿಲ್ಲ. ಹಾಗಾಗಿ ಪಿಎಲ್‌ಸಿ ಕೂಗುತ್ತಲೇ ಇತ್ತು, ಬಾಕ್ಸ್ ಅದು ತನಗಲ್ಲ ಎಂದು ಸುಮ್ಮನಿತ್ತು. ನಿಮ್ಮ ಪಿಂಗ್‌ಗೆ ಮಾತ್ರ ಉತ್ತರ ಕೊಡುತ್ತಿತ್ತು. ಮೆಷಿನ್ ಕೊಟ್ಟವರ ಕಡೆಯವರು ಮಾಡಿದ್ದು ಬಹುಶಃ ಹೆಸರು ಬರೆಯುವ ಕೆಲಸ, ಐದು ನಿಮಿಷದ್ದು. ಇನ್ನೊಂದು ವಿಷಯ ಗಮನಿಸಿ. ನೀವು ಕೈಯಿಂದ ಕೊಟ್ಟ ಐಪಿ ಪಿಎಲ್‌ಸಿಗೆ ಬೇಕಾಗಿಯೇ ಇರಲಿಲ್ಲ. ಹೆಸರು ಸರಿಯಿದ್ದರೆ ಐಪಿಯನ್ನು ಅದೇ ಕೊಡುತ್ತದೆ. ಕೈಯಿಂದ ಕೊಡುವುದರಿಂದ ತೊಂದರೆಯೂ ಆಗಬಹುದು. ಹೆಸರಿಲ್ಲದ ಸಾಧನ ಆ ಐಪಿ ಹಿಡಿದು ಕೂತರೆ, ಸರಿಯಾದ ಹೆಸರಿನ ಸಾಧನಕ್ಕೆ ಅದನ್ನು ಕೊಡಲು ಹೋದಾಗ ಪಿಎಲ್‌ಸಿ ‘ಈ ಐಪಿ ಈಗಾಗಲೇ ಬಳಕೆಯಲ್ಲಿದೆ’ ಎಂದು ನಿಂತುಬಿಡುತ್ತದೆ.

ಮುಂದಿನ ಸಲ ನೀವೇ ಮಾಡಿಕೊಳ್ಳಬಹುದು. ಬದಲಾಯಿಸುವ ಮೊದಲು ಹೊಸ ಬಾಕ್ಸ್ ಮೇಲೆ ಅಚ್ಚಾಗಿರುವ ಮ್ಯಾಕ್ ಅಡ್ರೆಸ್ ಬರೆದುಕೊಳ್ಳಿ. ಪಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ ನೆಟ್‌ವರ್ಕ್‌ನಲ್ಲಿರುವ ಸಾಧನಗಳ ಪಟ್ಟಿ ತೆರೆದರೆ ಆ ಮ್ಯಾಕ್ ಕಾಣುತ್ತದೆ. ಅದರ ದೀಪ ಮಿನುಗಿಸುವ ಬಟನ್ ಇರುತ್ತದೆ. ಅದನ್ನು ಒತ್ತಿ, ಸರಿಯಾದ ಬಾಕ್ಸೇ ಮಿನುಗುತ್ತಿದೆಯೇ ಎಂದು ಹೋಗಿ ನೋಡಿ. ಆಮೇಲೆ ಹೆಸರು ಬರೆಯಿರಿ. ಹೆಸರಿನಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆ, ಚುಕ್ಕಿ ಇಷ್ಟೇ ಇರಬಹುದು. ಜಾಗ ಬಿಡುವಂತಿಲ್ಲ, ಅಂಡರ್‌ಸ್ಕೋರ್ ಕೂಡ ಆಗುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ದೊಡ್ಡ ಅಕ್ಷರ, ಅಂಡರ್‌ಸ್ಕೋರ್ ಹಾಕಿ ಚೆಂದದ ಹೆಸರು ಇಟ್ಟಿದ್ದರೆ ಸಾಫ್ಟ್‌ವೇರ್ ಅದನ್ನು ಒಳಗೇ ಬೇರೆ ರೂಪಕ್ಕೆ ಬದಲಿಸಿರುತ್ತದೆ. ಕೇಬಲ್ ಮೇಲೆ ಹೋಗುವುದು ಆ ಬದಲಾದ ಹೆಸರು. ಕಣ್ಣಿಗೆ ಕಾಣುವ ಹೆಸರನ್ನೇ ಟೈಪ್ ಮಾಡಿ ಗಂಟೆಗಟ್ಟಲೆ ಒದ್ದಾಡುವವರು ಇದ್ದಾರೆ.

ಸಾಫ್ಟ್‌ವೇರ್ ಇರುವ ಲ್ಯಾಪ್‌ಟಾಪ್ ಎಲ್ಲ ಶಿಫ್ಟ್‌ನಲ್ಲೂ ಸಿಗುವುದಿಲ್ಲ ಅಲ್ವಾ? ಅದಕ್ಕೂ ದಾರಿ ಇದೆ, ಅದನ್ನು ಬಳಸುವವರು ಕಡಿಮೆ ಎಂಬುದೇ ನನ್ನ ಬೇಸರ. ಪ್ರೊಫಿನೆಟ್ ಸಾಧನಗಳು ಎಲ್‌ಎಲ್‌ಡಿಪಿ ಎಂಬ ಪ್ರೋಟೋಕಾಲ್‌ನಿಂದ ತಮ್ಮ ಅಕ್ಕಪಕ್ಕದವರನ್ನು ಗುರುತಿಸಿಕೊಳ್ಳುತ್ತವೆ. ಯಾವ ಪೋರ್ಟ್‌ಗೆ ಯಾರ ಕೇಬಲ್ ಬರುತ್ತದೆ ಎಂಬ ಟೋಪಾಲಜಿಯನ್ನು ಪ್ರಾಜೆಕ್ಟ್‌ನಲ್ಲಿ ಬರೆದಿಟ್ಟಿದ್ದರೆ, ಹೆಸರಿಲ್ಲದ ಹೊಸ ಬಾಕ್ಸ್ ಅದೇ ಜಾಗದಲ್ಲಿ ಕೂತಾಗ ಪಿಎಲ್‌ಸಿ ಅದನ್ನು ನೆರೆಯವರಿಂದ ಗುರುತಿಸಿ, ಹೆಸರನ್ನು ತಾನೇ ಕೊಡುತ್ತದೆ. ಷರತ್ತು ಒಂದೇ. ಬಾಕ್ಸ್‌ಗೆ ಹಳೆಯ ಹೆಸರು ಇರಬಾರದು. ಬೇರೆ ಲೈನಿನಿಂದ ಕಳಚಿ ಸ್ಟೋರ್‌ನಲ್ಲಿ ಇಟ್ಟ ಸ್ಪೇರ್‌ನಲ್ಲಿ ಹಳೆಯ ಹೆಸರು ಉಳಿದಿರುತ್ತದೆ. ಹಾಗಾಗಿ ಸ್ಟೋರ್‌ಗೆ ಹೋಗುವ ಪ್ರತಿ ಸ್ಪೇರನ್ನೂ ಫ್ಯಾಕ್ಟರಿ ರೀಸೆಟ್ ಮಾಡಿ ಇಡಿ. ಒಂದೇ ಹೆಸರಿನ ಎರಡು ಬಾಕ್ಸ್ ನೆಟ್‌ವರ್ಕ್‌ನಲ್ಲಿ ಇದ್ದರೆ ಪಿಎಲ್‌ಸಿಯ ಕೂಗಿಗೆ ಇಬ್ಬರೂ ಉತ್ತರಿಸುತ್ತಾರೆ. ಆಗ ಅದು ಇಬ್ಬರಲ್ಲಿ ಯಾರನ್ನೂ ಒಪ್ಪುವುದಿಲ್ಲ.

ಹೆಸರು ಸಿಕ್ಕಿತು, ಐಪಿ ಕೊಟ್ಟಾಯಿತು. ಈಗ ಪಿಎಲ್‌ಸಿ ಸಂಪರ್ಕಕ್ಕೆ ಕೋರಿಕೆ ಕಳಿಸುತ್ತದೆ. ಐಪಿ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಈ ಕೋರಿಕೆ ಯುಡಿಪಿ ಪೋರ್ಟ್ 34964ಕ್ಕೆ ಹೋಗುತ್ತದೆ. ಅದರಲ್ಲಿ ಒಪ್ಪಂದದ ಎಲ್ಲ ವಿವರವೂ ಇರುತ್ತದೆ. ಎಷ್ಟು ಮಿಲಿಸೆಕೆಂಡ್‌ಗೆ ಒಮ್ಮೆ ಡೇಟಾ ಕಳಿಸಬೇಕು, ಎಷ್ಟು ಹೊತ್ತು ಬರದಿದ್ದರೆ ಸಂಬಂಧ ಕಡಿದಂತೆ, ಅಲಾರಂ ಯಾವ ದಾರಿಯಲ್ಲಿ ಬರಬೇಕು ಎಂಬುದೆಲ್ಲ. ಜೊತೆಗೆ ಒಂದು ಪಟ್ಟಿ: 1ನೇ ಸ್ಲಾಟ್‌ನಲ್ಲಿ ಈ ಗುರುತಿನ ಇನ್‌ಪುಟ್ ಕಾರ್ಡ್, 2ರಲ್ಲಿ ಈ ಔಟ್‌ಪುಟ್ ಕಾರ್ಡ್, ಇದಕ್ಕೆ 2 ಬೈಟ್, ಅದಕ್ಕೆ 1 ಬೈಟ್. ಸಾಧನ ಈ ಪಟ್ಟಿಯನ್ನು ತನ್ನಲ್ಲಿ ನಿಜವಾಗಿ ಇರುವ ಕಾರ್ಡ್‌ಗಳ ಜೊತೆ ಹೋಲಿಸಿ ನೋಡುತ್ತದೆ. ವ್ಯತ್ಯಾಸ ಇದ್ದರೆ ಎಲ್ಲಿ ವ್ಯತ್ಯಾಸ ಎಂದು ಬರೆದು ವಾಪಸ್ ಕಳಿಸುತ್ತದೆ. ಈ ವಿವರಗಳು ಪ್ರಾಜೆಕ್ಟ್‌ಗೆ ಬರುವುದು ಸಾಧನದ ತಯಾರಕರು ಕೊಡುವ ಜಿಎಸ್‌ಡಿ ಫೈಲ್‌ನಿಂದ. ಬಾಕ್ಸ್ ಅದೇ ಮಾಡೆಲ್ ಆದರೂ, ಒಳಗೆ 16 ಪಾಯಿಂಟ್ ಕಾರ್ಡ್ ಬದಲು 8 ಪಾಯಿಂಟ್ ಕಾರ್ಡ್ ಹಾಕಿದ್ದರೆ ಅದು ಇಲ್ಲೇ ಗೊತ್ತಾಗುತ್ತದೆ.

ಪಟ್ಟಿ ಒಪ್ಪಿಗೆಯಾದ ಮೇಲೆ ಪಿಎಲ್‌ಸಿ ಪ್ಯಾರಾಮೀಟರ್‌ಗಳನ್ನು ಕಳಿಸುತ್ತದೆ. ಇನ್‌ಪುಟ್ ಫಿಲ್ಟರ್ ಎಷ್ಟು, ಅನಲಾಗ್ ಚಾನೆಲ್ 4ರಿಂದ 20 ಮಿಲಿಆಂಪಿಯರ್ ಇರಬೇಕೇ ಅಥವಾ 0ಯಿಂದ 10 ವೋಲ್ಟ್ ಇರಬೇಕೇ, ಸಂಪರ್ಕ ಹೋದರೆ ಔಟ್‌ಪುಟ್ ಏನಾಗಬೇಕು, ಹೀಗೆ. ‘ಪ್ಯಾರಾಮೀಟರ್ ಮುಗಿಯಿತು’ ಎಂದು ಪಿಎಲ್‌ಸಿ ಹೇಳುತ್ತದೆ. ಸಾಧನ ಎಲ್ಲ ಹೊಂದಿಸಿಕೊಂಡು ‘ನಾನು ತಯಾರು’ ಎನ್ನುತ್ತದೆ. ಅಲ್ಲಿಗೆ ಬಿಎಫ್ ಆರುತ್ತದೆ. ಈ ಕಾರಣಕ್ಕೇ ಹೊಸ ಬಾಕ್ಸ್‌ಗೆ ನೀವು ಡಿಪ್ ಸ್ವಿಚ್ ಹೊಂದಿಸಬೇಕಿಲ್ಲ, ಸೆಟ್ಟಿಂಗ್ ಬರೆಯಬೇಕಿಲ್ಲ. ಹೆಸರೊಂದು ಸರಿಯಿದ್ದರೆ ಉಳಿದದ್ದೆಲ್ಲ ಪಿಎಲ್‌ಸಿಯಿಂದಲೇ ಇಳಿದು ಬರುತ್ತದೆ. ಹೊಸ ಮಾದರಿಯ ಕೆಲವು ಸಾಧನಗಳಲ್ಲಿ ಬಿಎಫ್ ದೀಪವೇ ಇರುವುದಿಲ್ಲ, ದೀಪಗಳ ಹೆಸರು ಬೇರೆ. ಅರ್ಥವನ್ನು ಅದರ ಮ್ಯಾನ್ಯುಯಲ್‌ನಲ್ಲೇ ನೋಡಿ.

ಈಗ ಒಂದೇ ಕೇಬಲ್‌ನಲ್ಲಿ ಅಷ್ಟೊಂದು ಸಿಗ್ನಲ್ ಹೇಗೆ ಎಂಬ ಮಾತಿಗೆ ಬರೋಣ. ನನಗೆ ಇಡೀ ವಿಷಯದಲ್ಲಿ ಅತಿ ಸೊಗಸಾಗಿ ಕಾಣುವುದು ಇದೇ. 3ನೇ ಬಾಕ್ಸ್‌ನ ಒಂದು ಫೋಟೋ ಸೆನ್ಸರ್ ಆನ್ ಆಯಿತು ಎಂದುಕೊಳ್ಳಿ. ‘3ನೇ ಬಾಕ್ಸ್, 1ನೇ ಕಾರ್ಡ್, 5ನೇ ಪಾಯಿಂಟ್ ಆನ್ ಆಗಿದೆ’ ಎಂಬ ಸಂದೇಶ ಕೇಬಲ್‌ನಲ್ಲಿ ಹೋಗುವುದಿಲ್ಲ. ಹೋಗುವುದು ಬರೀ ಬೈಟ್‌ಗಳ ಒಂದು ಸಾಲು. ಅದರಲ್ಲಿ ಎಷ್ಟನೇ ಬೈಟಿನ ಎಷ್ಟನೇ ಬಿಟ್ ಯಾವ ಸೆನ್ಸರ್ ಎಂಬುದು ಒಪ್ಪಂದದಲ್ಲೇ ನಿಗದಿಯಾಗಿದೆ. ಪಿಎಲ್‌ಸಿ ಆ ಸಾಲನ್ನು ತೆಗೆದುಕೊಂಡು ತನ್ನ ಇನ್‌ಪುಟ್ ಮೆಮೊರಿಯಲ್ಲಿ ನಿಗದಿಯಾದ ಜಾಗಕ್ಕೆ ಇಳಿಸುತ್ತದೆ. ನಿಮ್ಮ ಪ್ರೋಗ್ರಾಮ್‌ನಲ್ಲಿ ಅದು ಐ 10.5 ಎಂದು ಕಾಣುತ್ತದೆ. ಒಂದು ಸಿಗ್ನಲ್ ಬದಲಾಗಲಿ, ಬದಲಾಗದಿರಲಿ, ಇಡೀ ಸಾಲು ಪ್ರತಿ ಸಲವೂ ಹೋಗುತ್ತದೆ. ಸೆನ್ಸರ್ ಇಡೀ ದಿನ ಆಫ್ ಇದ್ದರೂ ‘ಆಫ್’ ಎಂಬುದು 2 ಮಿಲಿಸೆಕೆಂಡ್‌ಗೆ ಒಮ್ಮೆ ಬರುತ್ತಲೇ ಇರುತ್ತದೆ. ಡ್ರೈವ್ ಕೂಡ ಇದೇ ರೀತಿ. ಪ್ರೊಫಿಡ್ರೈವ್‌ನ 1ನೇ ಸ್ಟ್ಯಾಂಡರ್ಡ್ ಟೆಲಿಗ್ರಾಮ್ ಆದರೆ ಅತ್ತ ಹೋಗುವುದು ಎರಡು ವರ್ಡ್, ಕಂಟ್ರೋಲ್ ವರ್ಡ್ ಮತ್ತು ಬೇಕಾದ ವೇಗ. ಇತ್ತ ಬರುವುದೂ ಎರಡು, ಸ್ಟೇಟಸ್ ವರ್ಡ್ ಮತ್ತು ನಿಜವಾದ ವೇಗ.

ಈ ಸಾಲನ್ನು ಹೊತ್ತೊಯ್ಯುವ ಡೇಟಾ ಕಟ್ಟಿಗೆ ಫ್ರೇಮ್ ಎನ್ನುತ್ತಾರೆ. ಈ ಫ್ರೇಮ್‌ಗೆ ಐಪಿ ಹೆಡರ್ ಇರುವುದಿಲ್ಲ. ಟಿಸಿಪಿ ಇಲ್ಲ, ಯುಡಿಪಿಯೂ ಇಲ್ಲ. ಈಥರ್‌ನೆಟ್ ಫ್ರೇಮ್‌ನ ಮೇಲೆ ಹೆಕ್ಸ್‌ನಲ್ಲಿ 8892 ಎಂಬ ಗುರುತು ಹಾಕಿ, ಮ್ಯಾಕ್‌ನಿಂದ ಮ್ಯಾಕ್‌ಗೆ ನೇರ ಕಳಿಸುತ್ತಾರೆ. ಜೊತೆಗೆ ವಿಲ್ಯಾನ್ ಟ್ಯಾಗ್‌ನಲ್ಲಿ 6ನೇ ದರ್ಜೆಯ ಆದ್ಯತೆ ಇರುತ್ತದೆ. ದಾರಿಯಲ್ಲಿರುವ ಸ್ವಿಚ್ ಇದನ್ನು ನೋಡಿ ಮಾಮೂಲಿ ಡೇಟಾಗಿಂತ ಮುಂಚೆ ಬಿಡುತ್ತದೆ. ನಿಮ್ಮ ಪಿಂಗ್ ಆ ಮಾಮೂಲಿ ಸಾಲಿನಲ್ಲಿ ನಿಲ್ಲುತ್ತದೆ. ಇದರಿಂದ ಒಂದು ದೊಡ್ಡ ಪರಿಣಾಮ ಇದೆ. ಪಿಂಗ್ ರೌಟರ್ ದಾಟಿ ಹೋಗುತ್ತದೆ, ಈ ಫ್ರೇಮ್ ದಾಟುವುದಿಲ್ಲ. ಆಫೀಸಿನ ಐಟಿಯವರು ಒಳ್ಳೆಯ ಉದ್ದೇಶದಿಂದಲೇ ಒಂದು ಸಾಧನವನ್ನು ಬೇರೆ ವಿಲ್ಯಾನ್‌ಗೆ (ಅದೇ ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್‌ಗೆ) ಹಾಕಿದರೆ ಪಿಂಗ್ ಚೆನ್ನಾಗಿ ಬರುತ್ತದೆ, ಬಿಎಫ್ ಮಾತ್ರ ಜಪ್ಪಯ್ಯ ಅಂದರೂ ಆರುವುದಿಲ್ಲ.

ಭಾರ ಎಷ್ಟು ಎಂದು ಲೆಕ್ಕ ಹಾಕೋಣ. ನಿಮ್ಮ ಬಾಕ್ಸ್‌ನ ನಿಜವಾದ ಡೇಟಾ ಎರಡೋ ಮೂರೋ ಬೈಟ್ ಇರಬಹುದು. ಆದರೂ ಫ್ರೇಮ್‌ನ ಡೇಟಾ ಭಾಗ ಕನಿಷ್ಠ 40 ಬೈಟ್ ಇರಬೇಕು, ಉಳಿದ ಜಾಗ ಸೊನ್ನೆಯಿಂದ ತುಂಬಿರುತ್ತದೆ. ಎಲ್ಲ ಸೇರಿ ಇಂಥ ಒಂದು ಫ್ರೇಮ್ 100 ಎಂಬಿಪಿಎಸ್ ಕೇಬಲ್ ಮೇಲೆ ಸುಮಾರು 7 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ನಿಮ್ಮ ಎಂಟು ಸಾಧನಗಳಿಗೆ 60 ಮೈಕ್ರೊಸೆಕೆಂಡ್ ಎಂದುಕೊಳ್ಳಿ. ನಿಮ್ಮ ಸೈಕಲ್ 2000 ಮೈಕ್ರೊಸೆಕೆಂಡ್‌ನದು. ಅಂದರೆ ಶೇಕಡ 3ರಷ್ಟು. ಎರಡು ದಿಕ್ಕಿನಲ್ಲೂ ಒಟ್ಟಿಗೆ ಡೇಟಾ ಹೋಗಬಲ್ಲ ಫುಲ್ ಡುಪ್ಲೆಕ್ಸ್ ಇದು. ಕೇಬಲ್ ಬಹುತೇಕ ಖಾಲಿಯೇ ಇರುತ್ತದೆ.

ಡೇಟಾದ ಜೊತೆಗೇ ಇನ್ನೊಂದು ಮಾಹಿತಿ ಬರುತ್ತದೆ. ಪ್ರತಿ ಕಾರ್ಡ್‌ನ ಡೇಟಾದ ಪಕ್ಕದಲ್ಲೂ ಒಂದು ಸ್ಟೇಟಸ್ ಬೈಟ್ ಇರುತ್ತದೆ, ಐಒಪಿಎಸ್ ಎಂದು ಕರೆಯುತ್ತಾರೆ. ಹೆಕ್ಸ್‌ನಲ್ಲಿ 80 ಇದ್ದರೆ ‘ಈ ಬೆಲೆಯನ್ನು ನಂಬಬಹುದು’, 00 ಇದ್ದರೆ ‘ನಂಬಬೇಡಿ’ ಎಂದರ್ಥ. ಒಂದು ಕಾರ್ಡ್ ಕಿತ್ತುಬಂದಿದ್ದರೆ ಫ್ರೇಮ್ ಬರುವುದು ನಿಲ್ಲುವುದಿಲ್ಲ, ಆ ಕಾರ್ಡಿನ ಸ್ಟೇಟಸ್ ಮಾತ್ರ ಕೆಡುತ್ತದೆ. ಉಳಿದ ಕಾರ್ಡ್‌ಗಳು ಕೆಲಸ ಮುಂದುವರಿಸುತ್ತವೆ. ಪಿಎಲ್‌ಸಿಯನ್ನು ಸ್ಟಾಪ್‌ಗೆ ಹಾಕಿದಾಗಲೂ ಹೀಗೆಯೇ. ಫ್ರೇಮ್‌ಗಳು ಹೋಗುತ್ತಲೇ ಇರುತ್ತವೆ, ಆದರೆ ಸ್ಟೇಟಸ್ ‘ನಂಬಬೇಡಿ’ ಎಂದಾಗುತ್ತದೆ. ಬಾಕ್ಸ್ ಔಟ್‌ಪುಟ್‌ಗಳನ್ನು ಆಫ್ ಮಾಡುತ್ತದೆ, ಇಲ್ಲವೇ ಪ್ಯಾರಾಮೀಟರ್‌ನಲ್ಲಿ ಹೇಳಿದ ಬೆಲೆಗೆ ತರುತ್ತದೆ. ಪಿಎಲ್‌ಸಿ ಸ್ಟಾಪ್ ಇದ್ದರೂ ಬಿಎಫ್ ಹತ್ತದಿರುವುದನ್ನು ನೀವು ನೋಡಿರುತ್ತೀರಿ. ಕಾರಣ ಇದು, ಸಂಪರ್ಕ ಜೀವಂತ ಇದೆ, ಡೇಟಾ ಮಾತ್ರ ಸಿಂಧುವಲ್ಲ. ತಂತಿ ತುಂಡಾಗಿದೆ, ಔಟ್‌ಪುಟ್ ಶಾರ್ಟ್ ಆಗಿದೆ ಎಂಬಂಥ ಸುದ್ದಿಗಳು ಈ ಸಾಲಿನಲ್ಲಿ ಬರುವುದಿಲ್ಲ. ಅವು ಅಲಾರಂ ಆಗಿ ಬೇರೆ ಬರುತ್ತವೆ, ಪಿಎಲ್‌ಸಿ ಪ್ರತಿಯೊಂದಕ್ಕೂ ‘ತಲುಪಿತು’ ಎಂದು ಹೇಳಬೇಕು. ಡಯಾಗ್ನೋಸ್ಟಿಕ್ ಬಫರ್‌ನಲ್ಲಿ ನೀವು ಓದುವುದು ಇವನ್ನೇ.

ಇನ್ನು ನಿಮ್ಮ ಎರಡನೇ ತೊಂದರೆ, ಬಂದು ಹೋಗುವ ಬಿಎಫ್. ಅಪ್‌ಡೇಟ್ ಟೈಮ್ 2 ಮಿಲಿಸೆಕೆಂಡ್. ಯಾರೂ ಬದಲಿಸದಿದ್ದರೆ, ಮೂರು ಸಲ ಡೇಟಾ ಬರದಿದ್ದರೆ ಸಂಬಂಧ ಕಡಿದಂತೆ ಎಂಬ ಲೆಕ್ಕ ಸಾಮಾನ್ಯವಾಗಿ ಇರುತ್ತದೆ. ಅಂದರೆ ವಾಚ್‌ಡಾಗ್ 6 ಮಿಲಿಸೆಕೆಂಡ್. ಎರಡೂ ಕಡೆಯವರು ಈ ಗಡಿಯಾರ ಇಟ್ಟುಕೊಂಡಿರುತ್ತಾರೆ. 6 ಮಿಲಿಸೆಕೆಂಡ್‌ನಲ್ಲಿ ಒಂದೂ ಒಳ್ಳೆಯ ಫ್ರೇಮ್ ಬರದಿದ್ದರೆ ಪಿಎಲ್‌ಸಿ ಆ ಬಾಕ್ಸ್ ಹೋಯಿತು ಎಂದು ತೀರ್ಮಾನಿಸುತ್ತದೆ, ಬಾಕ್ಸ್ ಪಿಎಲ್‌ಸಿ ಹೋಯಿತು ಎಂದು ಔಟ್‌ಪುಟ್ ಇಳಿಸುತ್ತದೆ. ಒಮ್ಮೆ ಕಡಿದ ಮೇಲೆ ಮುಂದಿನ ಫ್ರೇಮ್ ಬಂತು ಎಂದು ಸುಮ್ನೆ ಮುಂದುವರಿಯುವಂತಿಲ್ಲ. ಮತ್ತೆ ಹೆಸರು ಕೂಗುವುದರಿಂದ ಶುರು: ಐಪಿ, ಪಟ್ಟಿ, ಪ್ಯಾರಾಮೀಟರ್, ‘ತಯಾರು’. ಅದಕ್ಕೆ ಸೆಕೆಂಡುಗಟ್ಟಲೆ ಹಿಡಿಯುತ್ತದೆ. ನೀವು ನೋಡಿದ ಒಂದೆರಡು ಸೆಕೆಂಡ್ ಬಿಎಫ್ ಅದೇ. ಮೂಲ ಅಡಚಣೆ ಇದ್ದದ್ದು ಕೆಲವೇ ಮಿಲಿಸೆಕೆಂಡ್. ಪಿಂಗ್ ಸೆಕೆಂಡಿಗೆ ಒಮ್ಮೆ ಹೋಗುತ್ತದೆ. ಎರಡು ಪಿಂಗ್‌ಗಳ ನಡುವೆ ನಿಮ್ಮ ಬಾಕ್ಸ್‌ನಿಂದ 500 ಫ್ರೇಮ್ ಬಂದಿರುತ್ತವೆ. ಅದರಲ್ಲಿ ಮೂರು ಸತತವಾಗಿ ಕಳೆದುಹೋದರೆ ಪಿಂಗ್‌ಗೆ ಹೇಗೆ ಗೊತ್ತಾಗಬೇಕು?

ಆದರೂ ನಿಮ್ಮ ಪಿಂಗ್ ಇಲ್ಲಿ ಒಂದು ಉಪಕಾರ ಮಾಡಿದೆ. ಬಾಕ್ಸ್‌ನ 24 ವೋಲ್ಟ್ ಕುಸಿದು ಅದು ರೀಸ್ಟಾರ್ಟ್ ಆಗಿದ್ದರೆ, ಮತ್ತೆ ಮೇಲೇಳುವ ತನಕ ಕೆಲವು ಪಿಂಗ್ ತಪ್ಪಬೇಕಿತ್ತು. ಕನೆಕ್ಟರ್ ಸಡಿಲವಾಗಿ ಲಿಂಕೇ ಬಿದ್ದಿದ್ದರೂ, ಪೋರ್ಟ್‌ಗಳು ಮತ್ತೆ ವೇಗ ಹೊಂದಿಸಿಕೊಳ್ಳುವಷ್ಟರಲ್ಲಿ ಒಂದಾದರೂ ತಪ್ಪುವ ಸಾಧ್ಯತೆ ಜಾಸ್ತಿ. ಒಂದೂ ತಪ್ಪಿಲ್ಲ ಎಂದರೆ ಲಿಂಕ್ ಇದ್ದೇ ಇದೆ, ಅದರ ಮೇಲಿನ ಫ್ರೇಮ್‌ಗಳು ಕೆಡುತ್ತಿವೆ. ನನ್ನ ಮೊದಲ ಅನುಮಾನ ಎಲೆಕ್ಟ್ರಿಕಲ್ ನಾಯ್ಸ್ ಮೇಲೆ. ಕೆಟ್ಟ ಫ್ರೇಮನ್ನು ಸ್ವಿಚ್ ಬಿಸಾಡುತ್ತದೆ, ಯಾರೂ ಮರಳಿ ಕಳಿಸುವುದಿಲ್ಲ. ಬಿಸಾಡಿದ್ದನ್ನು ಎಣಿಸಿಯಂತೂ ಇಟ್ಟಿರುತ್ತದೆ.

ಹಾಗಾಗಿ ನೋಡಬೇಕಾದ ಜಾಗ ಪೋರ್ಟ್ ಸ್ಟ್ಯಾಟಿಸ್ಟಿಕ್ಸ್. ಪಿಎಲ್‌ಸಿ ಸಾಫ್ಟ್‌ವೇರ್‌ನಲ್ಲೋ ಸಾಧನದ ವೆಬ್ ಪುಟದಲ್ಲೋ ಪ್ರತಿ ಪೋರ್ಟ್‌ಗೂ ಸಿಆರ್‌ಸಿ ತಪ್ಪು (ದಾರಿಯಲ್ಲಿ ಕೆಟ್ಟ ಫ್ರೇಮ್), ಬಿಸಾಡಿದ ಫ್ರೇಮ್‌ಗಳ ಲೆಕ್ಕ ಸಿಗುತ್ತದೆ. ಬೆಳಗ್ಗೆ ಬರೆದುಕೊಳ್ಳಿ, ಸಂಜೆ ಮತ್ತೆ ನೋಡಿ. ಯಾವ ಪೋರ್ಟ್‌ನಲ್ಲಿ ಲೆಕ್ಕ ಏರಿದೆಯೋ ಆ ಕೇಬಲ್ ನಿಮ್ಮ ಕಳ್ಳ. ಇದರ ಜೊತೆ ಡಯಾಗ್ನೋಸ್ಟಿಕ್ ಬಫರ್‌ನ ಸಮಯ ಹೋಲಿಸಿ. ನಿಮ್ಮ ಬಾಕ್ಸ್‌ಗಳು ಒಂದರಿಂದ ಒಂದಕ್ಕೆ ಸಾಲಾಗಿ ಜೋಡಿಸಿದ್ದರೆ ಪ್ರತಿ ಬಾಕ್ಸ್ ಒಳಗೂ ಒಂದು ಸಣ್ಣ ಸ್ವಿಚ್ ಇದೆ, ಮುಂದಿನವರ ಡೇಟಾ ಅದರ ಮೂಲಕವೇ ಹೋಗುತ್ತದೆ. 4, 5, 6 ಮೂರೂ ಒಂದೇ ಕ್ಷಣಕ್ಕೆ ಹೋಗಿ 1, 2, 3 ಉಳಿದಿದ್ದರೆ ತೊಂದರೆ 3 ಮತ್ತು 4ರ ನಡುವೆ ಇದೆ. ಅದೇ ಹೊತ್ತಿಗೆ ಯಾವ ಮೋಟಾರ್ ಶುರುವಾಯಿತು, ಯಾವ ಕಾಂಟ್ಯಾಕ್ಟರ್ ಬಿಟ್ಟಿತು ಎಂದು ಆಪರೇಟರ್‌ಗಳನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ.

ಕಳ್ಳ ಸಿಕ್ಕ ಮೇಲೆ ಕೆಲಸ ಸಾಮಾನ್ಯವಾಗಿ ಸರಳ. ಹಸಿರು ಕೇಬಲ್ ಮತ್ತು ಮೋಟಾರ್ ಕೇಬಲ್ ಒಂದೇ ಟ್ರೇಯಲ್ಲಿ ಮಲಗಿದ್ದರೆ ಬೇರೆ ಮಾಡಿ. 20 ಸೆಂಟಿಮೀಟರ್ ಆದರೂ ದೂರ ಇರಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಡ್ರೈವ್‌ನಿಂದ ಮೋಟಾರ್‌ಗೆ ಹೋಗುವ ಕೇಬಲ್ ಶೀಲ್ಡ್ ಇರುವುದೇ ಆಗಿರಲಿ, ಶೀಲ್ಡನ್ನು ಎರಡೂ ತುದಿಯಲ್ಲಿ ಅಗಲವಾದ ಕ್ಲ್ಯಾಂಪ್‌ನಿಂದ ಅರ್ಥ್ ಮಾಡಿ. ಶೀಲ್ಡನ್ನು ಜಡೆಯಂತೆ ಹೆಣೆದು ಒಂದು ಸ್ಕ್ರೂಗೆ ಸಿಕ್ಕಿಸಿದರೆ ಹೆಚ್ಚಿನ ಪ್ರಯೋಜನ ಇಲ್ಲ. ಕಾಂಟ್ಯಾಕ್ಟರ್ ಮತ್ತು ಬ್ರೇಕ್ ಕಾಯಿಲ್‌ಗಳಿಗೆ ಸರ್ಜ್ ಸಪ್ರೆಸರ್ ಹಾಕಿ. ಆಫೀಸ್ ಕಂಪ್ಯೂಟರ್‌ನ ಪ್ಲಾಸ್ಟಿಕ್ ಆರ್‌ಜೆ45 ಪ್ಯಾಚ್ ಕಾರ್ಡ್ ಎಲ್ಲಾದರೂ ಕಂಡರೆ ಅವತ್ತೇ ತೆಗೆಯಿರಿ. ತಾಮ್ರದ ಕೇಬಲ್ ಎರಡು ಸಾಧನಗಳ ನಡುವೆ 100 ಮೀಟರ್ ದಾಟಬಾರದು.

ಇಲ್ಲಿ ಯಾರಾದರೂ ಒಂದು ಅಡ್ಡದಾರಿ ಹೇಳಿಯೇ ಹೇಳುತ್ತಾರೆ: ವಾಚ್‌ಡಾಗ್ ಏರಿಸಿಬಿಡಿ, ಬಿಎಫ್ ಬರುವುದೇ ಇಲ್ಲ. ನಿಜ, ಬರುವುದಿಲ್ಲ. ಆದರೆ ಏರಿಸಿದಷ್ಟು ಹೊತ್ತು ಬಾಕ್ಸ್ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರುತ್ತದೆ. ಸೆಕೆಂಡಿಗೆ 1 ಮೀಟರ್ ಓಡುವ ಕನ್ವೇಯರ್ 6 ಮಿಲಿಸೆಕೆಂಡ್‌ನಲ್ಲಿ 6 ಮಿಲಿಮೀಟರ್ ಸರಿಯುತ್ತದೆ, 200 ಮಿಲಿಸೆಕೆಂಡ್‌ನಲ್ಲಿ 20 ಸೆಂಟಿಮೀಟರ್. ಯಾವ ಔಟ್‌ಪುಟ್ ಏನನ್ನು ಓಡಿಸುತ್ತದೆ ಎಂದು ನೋಡದೆ ಏರಿಸಬೇಡಿ. ಏರಿಸಲೇಬೇಕಾದ ಸಂದರ್ಭವೂ ಒಂದಿದೆ. ಕೇಬಲ್ ಕಡಿದರೂ ಲೈನ್ ನಿಲ್ಲದಿರಲಿ ಎಂದು ಎಂಆರ್‌ಪಿ ರಿಂಗ್ ಹಾಕಿರುತ್ತಾರೆ. ಆ ರಿಂಗ್ ದಾರಿ ಬದಲಿಸಲು 200 ಮಿಲಿಸೆಕೆಂಡ್ ತನಕ ತೆಗೆದುಕೊಳ್ಳಬಹುದು. ವಾಚ್‌ಡಾಗ್ 6 ಮಿಲಿಸೆಕೆಂಡೇ ಇದ್ದರೆ ರಿಂಗ್ ತನ್ನ ಕೆಲಸ ಮುಗಿಸುವ ಮೊದಲೇ ಎಲ್ಲ ಬಾಕ್ಸ್‌ಗಳೂ ಬಿದ್ದುಹೋಗಿರುತ್ತವೆ, ರಿಂಗ್‌ಗೆ ಹಾಕಿದ ದುಡ್ಡು ವ್ಯರ್ಥ. ಎಮರ್ಜೆನ್ಸಿ ಸ್ಟಾಪ್ ಮಾತ್ರ ಈ ಲೆಕ್ಕಕ್ಕೆ ಎಂದೂ ಬರಬಾರದು. ಅದು ನೇರ ಸೇಫ್ಟಿ ರಿಲೇಗೆ ಹೋಗಬೇಕು, ಇಲ್ಲವೇ ಪ್ರೊಫಿಸೇಫ್ ಇರುವ ಸೇಫ್ಟಿ ಕಾರ್ಡ್ ಮತ್ತು ಸೇಫ್ಟಿ ಪಿಎಲ್‌ಸಿ ಮೂಲಕ ಹೋಗಬೇಕು. ಪ್ರೊಫಿಸೇಫ್ ಅದೇ ಕೇಬಲ್ ಬಳಸಿದರೂ ತನ್ನದೇ ಸಿಆರ್‌ಸಿ, ತನ್ನದೇ ಕ್ರಮಸಂಖ್ಯೆ, ತನ್ನದೇ ವಾಚ್‌ಡಾಗ್ ಇಟ್ಟುಕೊಂಡಿರುತ್ತದೆ. ಕೇಬಲ್ಲನ್ನು ಅದು ನಂಬುವುದೇ ಇಲ್ಲ.

ಮೂರನೆಯದು ರಿಜೆಕ್ಟ್ ಸಿಲಿಂಡರ್. ಸೆನ್ಸರ್ ಪ್ಯಾಕೆಟ್ ನೋಡಿದ ಕ್ಷಣದಿಂದ ವಾಲ್ವ್‌ಗೆ ಕರೆಂಟ್ ಹೋಗುವ ತನಕ ಏನೇನಾಗುತ್ತದೆ ಎಂದು ಕೂಡಿಸಿ ನೋಡಿ. ಇನ್‌ಪುಟ್ ಫಿಲ್ಟರ್ 3 ಮಿಲಿಸೆಕೆಂಡ್ ಇದೆ ಎಂದುಕೊಳ್ಳೋಣ. ನೆಟ್‌ವರ್ಕ್‌ನಲ್ಲಿ ಬರಲು ಹೆಚ್ಚೆಂದರೆ 2. ಪಿಎಲ್‌ಸಿ ಸ್ಕ್ಯಾನ್, ಅಂದರೆ ಪ್ರೋಗ್ರಾಮ್‌ನ ಒಂದು ಸುತ್ತು, 10 ಇದ್ದರೆ, ಡೇಟಾ ಬಂದದ್ದು ಇನ್‌ಪುಟ್ ಓದಿ ಮುಗಿದ ಮರುಕ್ಷಣವಾದರೆ ಅದು ಮುಂದಿನ ಸ್ಕ್ಯಾನ್‌ಗೆ ಕಾಯಬೇಕು, ಆ ಸ್ಕ್ಯಾನ್ ಮುಗಿದ ಮೇಲೇ ಔಟ್‌ಪುಟ್ ಹೊರಡುವುದು. ಹಾಗಾಗಿ 20. ವಾಪಸ್ ಹೋಗಲು ಮತ್ತೆ 2. ಒಟ್ಟು 27. ಅಪ್‌ಡೇಟ್ ಟೈಮ್ 2ರಿಂದ 1 ಮಾಡಿದರೆ ಉಳಿಯುವುದು 2 ಮಿಲಿಸೆಕೆಂಡ್ ಮಾತ್ರ. ಅದರ ಬೆಲೆಯಾಗಿ ವಾಚ್‌ಡಾಗ್ 6ರಿಂದ 3ಕ್ಕೆ ಇಳಿಯುತ್ತದೆ, ನಿಮ್ಮ ನಾಯ್ಸ್ ತೊಂದರೆ ಇನ್ನೂ ಜಾಸ್ತಿ ಕಾಣಿಸಿಕೊಳ್ಳುತ್ತದೆ. ಬೇಡ.

ನಿಮ್ಮ ನಿಜವಾದ ತೊಂದರೆ ತಡವಲ್ಲ, ತಡದ ಏರುಪೇರು. ಪ್ರತಿ ಸಲವೂ 27 ಮಿಲಿಸೆಕೆಂಡೇ ಆಗುತ್ತಿದ್ದರೆ ಸೆನ್ಸರನ್ನು ಅಷ್ಟು ಹಿಂದಕ್ಕೆ ಸರಿಸಿ ಕೂರಿಸಿದರೆ ಮುಗಿಯಿತು. ಆದರೆ ಒಂದು ಸಲ 15, ಇನ್ನೊಂದು ಸಲ 27 ಆಗುತ್ತದೆ, ಪಕ್ಕದ ಪ್ಯಾಕೆಟ್ಟಿಗೆ ಏಟು ಬೀಳುವುದು ಅದಕ್ಕೇ. ಈ ಏರುಪೇರಿನ ಬಹುಪಾಲು ಬರುವುದು ಸ್ಕ್ಯಾನ್‌ನಿಂದ. ರಿಜೆಕ್ಟ್‌ನ ನಾಲ್ಕು ಸಾಲು ಪ್ರೋಗ್ರಾಮನ್ನು ಮುಖ್ಯ ಸ್ಕ್ಯಾನ್‌ನಿಂದ ತೆಗೆದು, 2 ಮಿಲಿಸೆಕೆಂಡ್‌ಗೆ ಒಮ್ಮೆ ಓಡುವ ಸೈಕ್ಲಿಕ್ ಇಂಟರಪ್ಟ್ ಬ್ಲಾಕ್‌ಗೆ ಹಾಕಿಸಿ. ಆ ಸೆನ್ಸರ್ ಮತ್ತು ವಾಲ್ವ್‌ನ ಬೈಟ್‌ಗಳನ್ನೂ ಅದೇ ಬ್ಲಾಕ್ ಜೊತೆ ಓದಿ ಬರೆಯುವಂತೆ ಹೊಂದಿಸಬೇಕು, ಇಲ್ಲದಿದ್ದರೆ ಹಳೆಯ ಬೆಲೆಯನ್ನೇ ಬೇಗ ಬೇಗ ಓದಿದಂತಾಗುತ್ತದೆ. ಆ ಒಂದು ಇನ್‌ಪುಟ್‌ನ ಫಿಲ್ಟರನ್ನು, ಸೆನ್ಸರ್ ಶುದ್ಧವಾಗಿ ಆನ್-ಆಫ್ ಆಗುತ್ತಿದ್ದರೆ, 1 ಮಿಲಿಸೆಕೆಂಡ್‌ಗಿಂತ ಕೆಳಗೆ ತನ್ನಿ. ಇಷ್ಟರಿಂದಲೇ 20 ಮಿಲಿಸೆಕೆಂಡ್‌ನ ಭಾಗ 4ಕ್ಕೆ ಇಳಿಯುತ್ತದೆ. ಲೈನಿನ ವೇಗ ಮುಂದೆ ಇನ್ನೂ ಹೆಚ್ಚಿ ಇದೂ ಸಾಲದಾದರೆ ಐಆರ್‌ಟಿ ಎಂಬ ಇನ್ನೊಂದು ಹಂತ ಇದೆ. ಅಲ್ಲಿ ಎಲ್ಲ ಸಾಧನಗಳ ಗಡಿಯಾರಗಳೂ ಒಂದಾಗಿ, ಏರುಪೇರು 1 ಮೈಕ್ರೊಸೆಕೆಂಡ್‌ಗಿಂತ ಕಡಿಮೆ ಆಗುತ್ತದೆ. ಅದಕ್ಕೆ ಪಿಎಲ್‌ಸಿ, ಬಾಕ್ಸ್, ಸ್ವಿಚ್ ಎಲ್ಲವೂ ಐಆರ್‌ಟಿ ಬಲ್ಲವೇ ಆಗಿರಬೇಕು. ಒಂದು ರಿಜೆಕ್ಟ್ ಸಿಲಿಂಡರ್‌ಗಾಗಿ ಅಷ್ಟು ಖರ್ಚು ಮಾಡಿ ಎಂದು ನಾನು ಹೇಳುವುದಿಲ್ಲ. ಮೊದಲು ಇಂಟರಪ್ಟ್ ಬ್ಲಾಕ್ ಹಾಕಿಸಿ ನೋಡಿ.